ಮೊಳಗದ ಅಲಾರಂನ ಸ್ಕ್ರೀನ್‌ಶಾಟ್

ಕಳೆದ ತಿಂಗಳು ನನ್ನ ಮೊಬೈಲ್ ನನಗೊಂದು ಬಡ್ತಿ ಕೊಟ್ಟಿತು. ‘ಅಭಿನಂದನೆಗಳು, ನೀವೀಗ ಬೀಟಾ ಪರೀಕ್ಷಕರು!’ ಅಂದರೆ ಪೂರ್ತಿ ತಯಾರಾಗದ ತಂತ್ರಾಂಶವನ್ನು ಬಳಸಿ ತಪ್ಪು ಹುಡುಕಿಕೊಡುವವರು. ಸಂಬಳವಿಲ್ಲ, ರಜೆಯಿಲ್ಲ, ಕೆಲಸ ಮಾತ್ರ ಇದೆ. ಓದದೆ ಒತ್ತಿದ ಯಾವುದೋ ಗುಂಡಿಯಲ್ಲಿ ನನ್ನ ಒಪ್ಪಿಗೆ ಅಡಗಿತ್ತಂತೆ. ಮರುದಿನ ಬೆಳಿಗ್ಗೆ ಅಲಾರಂ ಮೊಳಗಲಿಲ್ಲ. ಎಂಟೂವರೆಗೆ ಎದ್ದವನು ಹಲ್ಲು ಕೂಡ ಉಜ್ಜದೆ, ಹೊಸ ಹುದ್ದೆಯ ಹುರುಪಿನಲ್ಲಿ ದೂರು ಬರೆದು ಕಳಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ದೋಷ ಕಾಣಿಸಿಕೊಂಡ ಕ್ಷಣದ ಸ್ಕ್ರೀನ್‌ಶಾಟ್ ಲಗತ್ತಿಸಿ.’

ಆ ಕ್ಷಣದಲ್ಲಿ ನಾನು ಗೊರಕೆ ಹೊಡೆಯುತ್ತಿದ್ದೆ. ಅದನ್ನು ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ.

ಹಿಂದೆ ಈ ಪರೀಕ್ಷೆಗೊಂದು ಕ್ರಮವಿತ್ತು. ಅರೆಬೆಂದ ಸರಕಿನೊಂದಿಗೆ ಕಂಪನಿಯವರೇ ತಿಣುಕಾಡಿದರೆ ಅದು ಆಲ್ಫಾ. ಹೊರಗಿನ ಕೆಲವರ ಕೈಗೆ ಕೊಟ್ಟು, ಅವರು ಬೈದದ್ದನ್ನೆಲ್ಲ ಬರೆದುಕೊಂಡು ತಿದ್ದಿದರೆ ಅದು ಬೀಟಾ. ಮಾರಾಟ ಆಮೇಲಿನ ಮಾತು. ಈಗ ಮಾರಾಟ ಮೊದಲು, ಬೈಗುಳ ಆಮೇಲೆ. ತಿದ್ದುವುದು ಮುಂದಿನ ಅಪ್‌ಡೇಟಿನಲ್ಲಿ.

ಜಿಮೇಲ್ 2004ರ ಏಪ್ರಿಲ್ 1ರಂದು ಹುಟ್ಟಿ, 2009ರ ಜುಲೈವರೆಗೂ ಬೀಟಾ ಆಗಿಯೇ ಇತ್ತು. ಅಷ್ಟು ವಯಸ್ಸಿಗೆ ಮಕ್ಕಳು ಶಾಲೆಗೆ ಹೋಗಿ ಅಕ್ಷರ ಕಲಿತಿರುತ್ತಾರೆ. ಹಣೆಪಟ್ಟಿ ತೆಗೆದ ಮೇಲೆ, ಅದಿಲ್ಲದೆ ಬೇಸರವಾಗುವವರು ಮತ್ತೆ ಅಂಟಿಸಿಕೊಳ್ಳಲಿ ಎಂದು ಒಂದು ಆಯ್ಕೆಯನ್ನೂ ಇಟ್ಟರು. ಆಪಲ್ 2000ದ ಸೆಪ್ಟೆಂಬರಿನಲ್ಲಿ ತನ್ನ ಕಂಪ್ಯೂಟರುಗಳನ್ನು ನಡೆಸುವ ತಂತ್ರಾಂಶವಾದ ಮ್ಯಾಕ್ ಒಎಸ್ ಟೆನ್‌ನ ಬೀಟಾವನ್ನು 29.95 ಡಾಲರಿಗೆ ಮಾರಿತು. ಮರುವರ್ಷದ ಮೇ ತಿಂಗಳಲ್ಲಿ ಅದು ತಾನಾಗಿಯೇ ಕಣ್ಣು ಮುಚ್ಚಿತು. ಪೂರ್ಣ ಆವೃತ್ತಿ ಕೊಂಡವರಿಗೆ ಆ ಹಣವನ್ನು ವಜಾ ಮಾಡಿಕೊಟ್ಟರು, ಒಪ್ಪೋಣ. ಆದರೂ ಪರೀಕ್ಷೆಗೆ ಕೂತದ್ದು ಕಂಪನಿ, ಶುಲ್ಕ ಕಟ್ಟಿದ್ದು ಮೌಲ್ಯಮಾಪಕ!

ನನಗೆ ಅತ್ಯಂತ ಪ್ರಿಯವಾದದ್ದು 2018ರ ಅಕ್ಟೋಬರ್‌ನ ವಿಂಡೋಸ್ 10 ಅಪ್‌ಡೇಟ್. ಕೆಲವರ ಕಂಪ್ಯೂಟರಿನಲ್ಲಿ ಅದು ಕಡತಗಳನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಪರೀಕ್ಷಕರು ನಿದ್ದೆ ಮಾಡುತ್ತಿದ್ದರೇ? ಇಲ್ಲ. ಹೀಗಾಗುತ್ತಿದೆ ಎಂದು ಕೆಲವರು ಮೊದಲೇ ಬರೆದು ತಿಳಿಸಿದ್ದರು. ಆದರೆ ಮೈಕ್ರೋಸಾಫ್ಟಿನ ದೂರುಪೆಟ್ಟಿಗೆಯಲ್ಲಿ ಯಾವ ದೂರಿಗೆ ಹೆಚ್ಚು ಮತ ಬೀಳುತ್ತದೆಯೋ ಅದು ಮೇಲಕ್ಕೆ ಬರುತ್ತದೆ. ಇವರ ದೂರಿಗೆ ಹೆಚ್ಚು ಮತ ಬಿದ್ದಿರಲಿಲ್ಲ, ರಾಶಿಯ ತಳದಲ್ಲಿ ಹೂತುಹೋಗಿತ್ತು. ಮನೆಗೆ ಬೆಂಕಿ ಬಿದ್ದವನು ಮೊದಲು ಬೀದಿ ಬೀದಿ ಅಲೆದು ಮತ ಯಾಚಿಸಬೇಕು. ಬಹುಮತ ಬಂದರೆ ನೀರು. ಬಳಿಕ ‘ದೋಷ ಎಷ್ಟು ಗಂಭೀರ?’ ಎಂದು ಕೇಳುವ ಒಂದು ಸಾಲನ್ನು ಅರ್ಜಿಗೆ ಸೇರಿಸಿದರು. ಅಲ್ಲಿಯವರೆಗೆ ಗುಂಡಿಯ ಬಣ್ಣ ಇಷ್ಟವಾಗದವನೂ, ಹತ್ತು ವರ್ಷದ ಫೋಟೊ ಕಳೆದುಕೊಂಡವನೂ ಒಂದೇ ಸರತಿಯಲ್ಲಿ ನಿಂತಿದ್ದರು.

ಯಂತ್ರಾಂಶದವರಿಗೆ ಈ ಸುಖವಿಲ್ಲ, ಪಾಪ. ಬ್ಯಾಟರಿಗೆ ಅಪ್‌ಡೇಟ್ ಕಳಿಸಿ ಹೊಗೆ ಆರಿಸಲು ಆಗುವುದಿಲ್ಲ. 2016ರಲ್ಲಿ ಸ್ಯಾಮ್ಸಂಗ್ ಗ್ಯಾಲಕ್ಸಿ ನೋಟ್ 7 ಗ್ರಾಹಕರ ಕೈಯಲ್ಲಿ ಹೊತ್ತಿಕೊಂಡಿತು. ಹಿಂದಕ್ಕೆ ಪಡೆದು ಬದಲಿ ಫೋನ್ ಕೊಟ್ಟರು. ಬದಲಿಯೂ ಹೊತ್ತಿಕೊಂಡಿತು. ದೋಷ ಮರುಕಳಿಸುತ್ತದೆ ಎಂದು ಸಾಬೀತುಪಡಿಸಲು ಇದಕ್ಕಿಂತ ನಿಷ್ಠೆಯ ಪರೀಕ್ಷಕರು ಎಲ್ಲಿ ಸಿಗುತ್ತಾರೆ?

ಇತ್ತ ನನ್ನ ಮೊಬೈಲಿಗೆ ಹೊಸ ಅಪ್‌ಡೇಟ್ ಬಂತು. ವಿವರದಲ್ಲಿ ‘ಸಣ್ಣಪುಟ್ಟ ದೋಷಗಳ ನಿವಾರಣೆ’ ಎಂಬ ಒಂದೇ ಸಾಲಿತ್ತು. ಗಡಿಯಾರದ ಚಿಹ್ನೆ ನೀಲಿಯಿಂದ ನೇರಳೆಗೆ ತಿರುಗಿತ್ತು. ಅಂದು ರಾತ್ರಿ ಮೂರು ಗಂಟೆಗೆ ಅಲಾರಂ ಮೊಳಗಿತು. ದಡಬಡಿಸಿ ಎದ್ದು ನೋಡಿದರೆ, ಪರದೆಯ ಮೇಲೆ ಸಂದೇಶ: ‘ನೀವು ವರದಿ ಮಾಡಿದ ಅಲಾರಂ ಸಮಸ್ಯೆ ಬಗೆಹರಿದಿದೆ.’

ಹೇಗೂ ಎಚ್ಚರವಾಗಿತ್ತಲ್ಲ, ಈ ಸಲ ಸ್ಕ್ರೀನ್‌ಶಾಟ್ ತೆಗೆದುಕೊಂಡೆ.