ಸ್ಪಷ್ಟನೆ: ಮಹಡಿ ಎಣಿಸಿದರೆ ಎತ್ತರ ತಿಳಿಯುವುದಿಲ್ಲ

ಅಮೆರಿಕದ ಆಗ್ನೇಯ ಭಾಗದ ನಗರಗಳ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ‘ಷಾರ್ಲಟ್‌ನ ಗೋಪುರಕ್ಕೆ 60 ಮಹಡಿ, ಅಟ್ಲಾಂಟಾದ್ದಕ್ಕೆ 55 ಮಾತ್ರ, ಹಾಗಾಗಿ ಷಾರ್ಲಟ್ ಎತ್ತರ’ ಎಂಬ ಸಂದೇಶ ಹರಿದಾಡುತ್ತಿದೆ. ಮಹಡಿಗಳ ಲೆಕ್ಕ ಸರಿ, ತೀರ್ಮಾನ ತಪ್ಪು.

ಎರಡೂ ಗೋಪುರಗಳು 1992ರವು, ಎರಡರ ಹೆಸರಿನಲ್ಲೂ ಬ್ಯಾಂಕ್ ಆಫ್ ಅಮೆರಿಕ ಇದೆ. ಗೊಂದಲಕ್ಕೆ ಇದೂ ಕಾರಣವಿರಬಹುದು. ಷಾರ್ಲಟ್‌ನದು ಸುಮಾರು 265 ಮೀಟರ್, ಅಟ್ಲಾಂಟಾದ್ದು ಸುಮಾರು 312. ಅಟ್ಲಾಂಟಾದ ಕಟ್ಟಡದ ನೆತ್ತಿಯನ್ನು ಗಮನಿಸಿ: ಕಚೇರಿಗಳು ಮುಗಿದ ಮೇಲೆ ಪಿರಮಿಡ್ಡಿನಂತೆ ಕಿರಿದಾಗುತ್ತಾ ಹೋಗುವ ತೆರೆದ ಉಕ್ಕಿನ ಜಾಲರಿ, ಅದರ ತುದಿಯಲ್ಲಿ ಚೂಪಾದ ಶಿಖರ. ಅಲ್ಲಿ ಮಹಡಿಗಳಿಲ್ಲ, ಎತ್ತರವಿದೆ. ವಿನ್ಯಾಸದ ಭಾಗವಾದ ಇಂಥ ಶಿಖರವನ್ನು ಅಧಿಕೃತ ಎತ್ತರಕ್ಕೆ ಸೇರಿಸುತ್ತಾರೆ, ಆಂಟೆನಾವನ್ನು ಸೇರಿಸುವುದಿಲ್ಲ.

ಇನ್ನೂ ಅನುಮಾನವಿದ್ದರೆ ಅಟ್ಲಾಂಟಾದಲ್ಲೇ ಇರುವ, 1976ರ ದುಂಡನೆಯ ವೆಸ್ಟಿನ್ ಹೋಟೆಲನ್ನು ನೋಡಿ. 73 ಮಹಡಿಗಳಿದ್ದರೂ ಎತ್ತರ ಸುಮಾರು 220 ಮೀಟರ್ ಅಷ್ಟೆ! ಮಲಗುವ ಕೋಣೆಗೆ ಕಚೇರಿಯಷ್ಟು ಎತ್ತರದ ಚಾವಣಿ ಬೇಕಿಲ್ಲ.

ಚಿತ್ರಗಳ ಹೋಲಿಕೆಯೂ ನ್ಯಾಯವಾದದ್ದಲ್ಲ. ಷಾರ್ಲಟ್‌ನ ಎತ್ತರದ ಕಟ್ಟಡಗಳು ಬಹುತೇಕ ಅಪ್‌ಟೌನ್ ಎಂದು ಕರೆಯುವ ನಗರಕೇಂದ್ರದಲ್ಲೇ ಒತ್ತೊತ್ತಾಗಿ ನಿಂತಿವೆ, ಒಂದೇ ಚೌಕಟ್ಟಿಗೆ ಸಿಗುತ್ತವೆ. ಅಟ್ಲಾಂಟಾದವು ಡೌನ್‌ಟೌನ್, ಮಿಡ್‌ಟೌನ್, ಬಕ್‌ಹೆಡ್ ಎಂದು ಉತ್ತರಕ್ಕೆ ಹಂಚಿಹೋಗಿವೆ. ಡೌನ್‌ಟೌನನ್ನಷ್ಟೇ ಕತ್ತರಿಸಿ ತೋರಿಸಿದರೆ ಉಳಿದೆರಡು ಗುಂಪುಗಳು ಕಾಣುವುದೇ ಇಲ್ಲ. ಷಾರ್ಲಟ್‌ನ ಅಡಕವಾದ ನೋಟ ನನಗೂ ಬಹಳ ಇಷ್ಟ. ಅದನ್ನು ಮೆಚ್ಚಲು ತಪ್ಪು ಅಳತೆ ಬೇಕಾಗಿಲ್ಲ. ಸಂದೇಶವನ್ನು ಹಂಚಿಕೊಂಡವರು ದಯವಿಟ್ಟು ತಿದ್ದಿ.