ಸೈಟಿನ ಮೇಲೊಂದು ಮನೆ

"ಸಾರ್, ಒಳ್ಳೇ ಸೈಟು ಬಂದಿದೆ. ಅರವತ್ತು ನೂರಿಪ್ಪತ್ತು. ಮೇಲೊಂದು ಹಳೇ ಮನೆ ಇದೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ."

ಬ್ರೋಕರ್ ಫೋನಿನಲ್ಲಿ ಹೇಳಿದ ಧಾಟಿ ಹೇಗಿತ್ತೆಂದರೆ, ಅನ್ನದಲ್ಲಿ ಕಲ್ಲೊಂದಿದೆ, ತೆಗೆದಿಟ್ಟು ಉಣ್ಣಿ ಅಂದ ಹಾಗಿತ್ತು. ಭಾನುವಾರ ಬೆಳಿಗ್ಗೆ ಹೊರಟೆವು. ನಾನು, ನನ್ನ ಹೆಂಡತಿ, ತೀರ್ಥಹಳ್ಳಿಯಿಂದ ಬಂದಿದ್ದ ಮಾವ, ಜೊತೆಗೆ ಎಂಜಿನಿಯರ್ ಆಗಿರುವ ನನ್ನ ಗೆಳೆಯ. ಶಿವಮೊಗ್ಗದ ಸವಳಂಗ ರಸ್ತೆಯಿಂದ ಒಳಗೆ ಎರಡು ತಿರುವು. ಅಕ್ಕಪಕ್ಕ ಮೂರು ಮಹಡಿಯ ಕಟ್ಟಡಗಳು. ನಡುವೆ ಒಂದು ಹೆಂಚಿನ ಮನೆ, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕ ಮುದುಕಿಯ ಹಾಗೆ ತನ್ನ ಪಾಡಿಗೆ ತಾನು ಕೂತಿತ್ತು.

ಗೇಟಿನಿಂದ ಜಗುಲಿಗೆ ನಡೆಯುವಷ್ಟರಲ್ಲಿ ಎರಡು ಮಾತು ಆಡಿ ಮುಗಿಯುತ್ತಿತ್ತು. ಮನೆಯೊಳಗೆ ಹೊಕ್ಕರೆ ಒಂದು ಮಾತೂ ಮುಗಿಯುವುದಿಲ್ಲ, ಹಿತ್ತಿಲ ಬಾಗಿಲು ಬಂದೇಬಿಡುತ್ತದೆ. ಒಟ್ಟು 8 ಚದರ. ಅಂದರೆ 800 ಚದರಡಿ. ಜಾಗ 7200 ಚದರಡಿ, ಹೆಚ್ಚುಕಡಿಮೆ ಆರೂವರೆ ಗುಂಟೆ. ಒಂಬತ್ತರಲ್ಲಿ ಒಂದು ಪಾಲು ಮನೆ, ಎಂಟು ಪಾಲು ಆಕಾಶ.

ಬ್ರೋಕರ್‌ಗೆ ಆ ಎಂಟು ಪಾಲೇ ಕಾಣುತ್ತಿತ್ತು. "ಮೂವತ್ತು-ನಲವತ್ತು ಲೆಕ್ಕ ಹಾಕಿದ್ರೆ ಆರು ಸೈಟು ಸಾರ್! ನೀವೊಂದು ಇಟ್ಕೊಂಡು ಐದು ಕೊಟ್ರೆ ನಿಮ್ದು ಪುಗಸಟ್ಟೆ." ನನ್ನ ತಲೆಯಲ್ಲಿ ಪುಗಸಟ್ಟೆಯ ಮನೆ ಎದ್ದು ನಿಂತೇಬಿಟ್ಟಿತು. ಗೆಳೆಯ ಅದನ್ನು ಅಲ್ಲೇ ಕೆಡವಿದ. ರಸ್ತೆಗೆ ಮುಖ ಇರುವುದು 60 ಅಡಿ. ಹಿಂದಿನ ನಾಲ್ಕು ಸೈಟಿನವರು ಮನೆಗೆ ಹೋಗುವುದು ಹೇಗೆ, ಹಾರಿಕೊಂಡಾ? ನಡುವೆ 20 ಅಡಿ ದಾರಿ ಬಿಟ್ಟರೆ ಎರಡು ಬದಿಗೂ ಉಳಿಯುವುದು 20 ಅಡಿ. ಸೈಟು ಆರೇ, ಆದರೆ ಮೂವತ್ತು-ನಲವತ್ತು ಹೋಗಿ ಇಪ್ಪತ್ತು-ನಲವತ್ತು. ಅದಕ್ಕೂ ಸೂಡಾದವರು, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದವರು, ಒಪ್ಪಬೇಕು. ಬ್ರೋಕರ್ ಮಾತು ಬದಲಿಸಿದ. "ಅದಿರಲಿ ಸಾರ್, ಏರ್‌ಪೋರ್ಟ್ ಬಂದ್ಮೇಲೆ ರೇಟು ನೋಡಿ!" ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು, ನಿಜ. ಆದರೆ ಎಲ್ಲಿಯ ಸೋಗಾನೆ, ಎಲ್ಲಿಯ ಸವಳಂಗ ರಸ್ತೆ? ಊರಿನ ಆ ತುದಿಯಲ್ಲಿ ವಿಮಾನ ಇಳಿದರೆ ಈ ತುದಿಯ ಹಿತ್ತಿಲಿಗೆ ರೇಟು ಏರುತ್ತದೆ. ನಮ್ಮೂರಿನ ಭೂಮಿಗೆ ರೆಕ್ಕೆ ಬಂದದ್ದು ಹೀಗೆ.

ಮಾವನ ದೃಷ್ಟಿಯೇ ಬೇರೆ. ಅವರು ಜಾಗ ನೋಡಲೇ ಇಲ್ಲ. ಒಳಗೆ ಬಂದವರೇ ತಲೆ ಎತ್ತಿ ಮಾಡು ನೋಡಿದರು. ಬೀಗದ ಕೈಯಿಂದ ತೊಲೆಯನ್ನು ಟಕ್ ಟಕ್ ಅಂತ ಬಡಿದು ಕಿವಿಗೊಟ್ಟರು, ವೈದ್ಯರು ಬೆನ್ನು ಬಡಿದು ನೋಡುವಂತೆ. "ಹಲಸು. ಗಟ್ಟಿ ಉಂಟು." ಮೂಲೆಯಲ್ಲಿ ಹೆಂಚಿನ ಭಾರ ಹೊತ್ತ ಪಕಾಸಿ ಒಂದರ ಹತ್ತಿರ ಸದ್ದು ಬದಲಾಯಿತು. ಅವರ ಮುಖವೂ ಬದಲಾಯಿತು. ಗೆದ್ದಲು! ಆಮೇಲೆ ಹೊರಗೆ ಪೇರಿಸಿಟ್ಟಿದ್ದ ಹೆಂಚಿನಲ್ಲಿ ಒಂದನ್ನು ತಿರುವಿ ಹಾಕಿ ಅಡಿಯ ಅಚ್ಚನ್ನು ಕನ್ನಡಕ ಏರಿಸಿ ಓದಿದರು. ಮಂಗಳೂರಿನದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ನೇತ್ರಾವತಿ ದಂಡೆಯ ಜೇಡಿಮಣ್ಣು ಸುಟ್ಟು, ಅಚ್ಚು ಒತ್ತಿಸಿಕೊಂಡು, ಘಟ್ಟ ಹತ್ತಿ ಬಂದು ನಮ್ಮ ತಲೆಯ ಮೇಲೆ ಕೂತಿತು. ಈಗ ಇಂಥ ಹೆಂಚು ಹೋಂಸ್ಟೇಯವರು ಹುಡುಕಿಕೊಂಡು ಬಂದು ಒಯ್ಯುತ್ತಾರಂತೆ. ಇದ್ದ ಮನೆಯನ್ನು ಕೆಡವಿ, ಅದರ ಹೆಂಚನ್ನು ಹಳೇ ಮನೆಯಂತೆ ಕಾಣುವ ಹೊಸ ಮನೆಗೆ ಹೊದಿಸುವುದು. ಇರಲಿ.

ಗೆಳೆಯನ ಲೆಕ್ಕ ಕಾಗದದ ಮೇಲೆ ನಡೆಯಿತು. ಮನೆ ಕಟ್ಟಿದ್ದು 1970ರಲ್ಲಿ. ಇವತ್ತು ಇದೇ ಥರ ಕಟ್ಟಿದರೆ ಚದರಡಿಗೆ 1500 ರೂಪಾಯಿ ಅಂತ ಹಿಡಿಯೋಣ ಅಂದ. 800 ಚದರಡಿಗೆ 12 ಲಕ್ಷ. ಮನೆಯ ಆಯಸ್ಸು 60 ವರ್ಷ ಅಂತ ಇಟ್ಟುಕೊಂಡ. ಮುಗಿದದ್ದು 55. ಆಯಸ್ಸು ತೀರಿದ ಮೇಲೂ ಮರಮುಟ್ಟು, ಹೆಂಚು, ಕಲ್ಲು ಅಂತ ನೂರಕ್ಕೆ 10 ಉಳಿಯುತ್ತದೆ. ಮಿಕ್ಕ 90ರಲ್ಲಿ ಸವಕಳಿ ಕಳೆದರೆ ನೂರಕ್ಕೆ ಹದಿನೇಳೂವರೆ ನಿಂತಿತು. "2 ಲಕ್ಷದ 10 ಸಾವಿರ" ಅಂದ. ಅದರ ಕೆಳಗೆ ಒಂದು ಗೆರೆ ಎಳೆದ. ಬ್ಯಾಂಕಿಗೆ ಕೊಡುವ ವರದಿಯೂ ಸುಮಾರಾಗಿ ಹೀಗೇ ಇರುತ್ತದಂತೆ. ಜಾಗದ ಬೆಲೆ ಒಂದು ಕಡೆ, ಕಟ್ಟಡದ ಬೆಲೆ ಒಂದು ಕಡೆ, ಕೂಡಿಸಿದರೆ ಮುಗಿಯಿತು. "ಕೆಡವೋ ಖರ್ಚು ಕಳೀರಿ" ಅಂದ ಬ್ರೋಕರ್. ಹಾಗೆ ನೋಡಿದರೆ ಮನೆ ನಮಗೇ ಬಾಕಿದಾರ ಆಗುತ್ತದೆ.

ಪತ್ರದಲ್ಲಿ ಇನ್ನೊಂದು ತಮಾಷೆ. ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯಲ್ಲಿ ಪಶ್ಚಿಮಕ್ಕೆ "ಹುಣಸೇಮರ" ಅಂತ ಬರೆದಿತ್ತು. ಮರ ಹೋಗಿ ಎಷ್ಟು ಕಾಲವಾಯಿತೋ. ಟೇಪು ಹಿಡಿದು ಅಳೆದರೆ ಉದ್ದ 120 ಅಲ್ಲ, 118. ಹಿಂದಿನವರು ಕಾಂಪೌಂಡ್ ಕಟ್ಟುವಾಗ ಎರಡಡಿ ಈಚೆ ಬಂದಿದ್ದರು. ಎರಡಡಿ ಉದ್ದ, 60 ಅಡಿ ಅಗಲ, ಒಟ್ಟು 120 ಚದರಡಿ. ಬ್ರೋಕರ್ ಎದೆ ಮೇಲೆ ಕೈ ಇಟ್ಟುಕೊಂಡ. 55 ವರ್ಷದ ಮನೆಯನ್ನು ಸೊನ್ನೆ ಮಾಡುವಾಗ ಅವನಿಗೆ ಏನೂ ಆಗಿರಲಿಲ್ಲ.

ನಾನು ಹಳೇ ಮನೆ ಕಂಡ ಕೂಡಲೇ ಕಣ್ಣೀರು ಹಾಕುವವನಲ್ಲ. ದೋಷ ಬೇಕಾದಷ್ಟಿದ್ದವು. ವೈರಿಂಗ್ ಮರದ ಪಟ್ಟಿಯ ಮೇಲೆ ಓಡುತ್ತಿತ್ತು, ಸ್ವಿಚ್ ಮುಟ್ಟಲು ಧೈರ್ಯ ಬೇಕು. ಮಧ್ಯಾಹ್ನವೂ ಅಡುಗೆಮನೆಗೆ ಬೆಳಕು ಒಂದೇ ಒಂದು ಗಾಜಿನ ಹೆಂಚಿನಿಂದ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಮಾಡಿಗೆ ಜನ ಹತ್ತಿಸಿ ಒಡೆದ ಹೆಂಚು ಬದಲಿಸಬೇಕು. ಆ ಕೆಲಸ ಗೊತ್ತಿರುವವರು ಈಗ ಊರಿಗೆ ಒಬ್ಬರೋ ಇಬ್ಬರೋ. ಇನ್ನು ಪಾಯಿಖಾನೆ, ಅದು ಹಿತ್ತಿಲ ಕೊನೆಯಲ್ಲಿ. ಜುಲೈ ತಿಂಗಳ ರಾತ್ರಿ, ಧೋ ಅಂತ ಮಳೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಟಾರ್ಚು. ನೆನೆಸಿಕೊಂಡೇ ನನ್ನ ಅರ್ಧ ಉತ್ಸಾಹ ಇಳಿಯಿತು.

ಮನೆಯ ಅಜ್ಜಿ ಅಷ್ಟು ಹೊತ್ತೂ ಜಗುಲಿಯಲ್ಲಿ ಕೂತು ನಮ್ಮ ಸರ್ಕಸ್ ನೋಡುತ್ತಿದ್ದರು. ಕಾಫಿ ಕೊಟ್ಟರು. 2019ರ ಆಗಸ್ಟ್‌ನಲ್ಲಿ ತುಂಗೆ ಊರೊಳಗೆ ಬಂದಾಗ ಇಲ್ಲಿಗೇನಾದರೂ ನೀರು ಬಂದಿತ್ತಾ ಅಂತ ಕೇಳಿದೆ. "ಇಲ್ಲಿಗೆಲ್ಲಿ ಬರ್ತದೆ ತಮ್ಮಾ? ನೀರು ನೋಡಕ್ಕೆ ನಾವೇ ಕೋರ್ಪಲಯ್ಯನ ಛತ್ರದ ಹತ್ರ ಹೋಗೋದು. ಹೊಳೇಲಿರೋ ಮಂಟಪ ಮುಳುಗ್ತು ಅಂದ್ರೆ ಊರೆಲ್ಲ ಅಲ್ಲೇ."

"ಈ ಮನೇಲಿ ಎಷ್ಟು ಜನ ಇದ್ರಿ?" ಅಂತ ನನ್ನ ಹೆಂಡತಿ ಕೇಳಿದಳು.

"ಒಂಬತ್ತು. ನೆಂಟ್ರು ಬಂದ್ರೆ ಲೆಕ್ಕ ಇಲ್ಲ."

8 ಚದರದಲ್ಲಿ ಒಂಬತ್ತು ಜನ! ಎಲ್ಲಿ ಮಲಗುತ್ತಿದ್ದಿರಿ, ಎಲ್ಲಿ ಓದುತ್ತಿದ್ದಿರಿ ಅಂತ ಕೇಳಿದ್ದಕ್ಕೆ ಅಜ್ಜಿ ಎದ್ದು ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. ಮಕ್ಕಳು ಪರೀಕ್ಷೆಗೆ ಓದಿದ್ದು ಈ ಮಾವಿನ ಮರದ ಬುಡದಲ್ಲಿ. ಹಪ್ಪಳ ಒಣಗಿದ್ದು ಆ ಬಂಡೆಯ ಮೇಲೆ. ಬಟ್ಟೆ ಒಗೆದದ್ದು, ಪಾತ್ರೆ ತಿಕ್ಕಿದ್ದು, ಜಗಳ ಆಡಿದ್ದು ಬಾವಿಕಟ್ಟೆಯಲ್ಲಿ. ಸೆಕೆಗಾಲದಲ್ಲಿ ಗಂಡಸರ ಚಾಪೆ ಅಂಗಳಕ್ಕೆ. ಎರಡು ಹೆಣ್ಣುಮಕ್ಕಳ ಮದುವೆಯ ಚಪ್ಪರ ಗೇಟಿನಿಂದ ಜಗುಲಿಯವರೆಗೆ. ಒಳಗೆ ಏನು ಮಾಡುತ್ತಿದ್ದಿರಿ ಅಂದರೆ, "ಮಳೆ ಬಂದ್ರೆ ಒಳಗೆ ಬರ್ತಿದ್ವಿ" ಅಂದರು.

ನಾನು ಅಲ್ಲೇ ನಿಂತು ಗೆಳೆಯನ ಕಾಗದ ಇಸಿದುಕೊಂಡು ಮತ್ತೆ ನೋಡಿದೆ. ಅದರಲ್ಲಿ "ಕಟ್ಟಡ: 800 ಚದರಡಿ. ಖಾಲಿ ಜಾಗ: 6400" ಅಂತಿತ್ತು. ಖಾಲಿ ಎಲ್ಲಿತ್ತು? ಮನೆ ಚಿಕ್ಕದಾಗಿರಲೇ ಇಲ್ಲ. ಅದಕ್ಕೆ 8 ಚದರದಷ್ಟು ಮಾತ್ರ ಮಾಡು ಇತ್ತು, ಅಷ್ಟೆ. ಮಿಕ್ಕ ಕೋಣೆಗಳಿಗೆ ಮರ, ಬಾವಿ, ಬಸಳೆ ಚಪ್ಪರ ಅಂತ ಹೆಸರು. ನಾವು ಈಗ ಗೋಪಾಳದಲ್ಲಿ ಬಾಡಿಗೆಗಿರುವ ಮನೆ 11 ಚದರ. ಇರುವವರು ಮೂರೇ ಜನ. ಆದರೂ ಹಪ್ಪಳ ಒಣಗಿಸಲು ಜಾಗವಿಲ್ಲ, ಜಗಳ ಆಡಲು ಮೊದಲೇ ಇಲ್ಲ. ಕಿಟಕಿ ಮುಚ್ಚಿ ಪಿಸುಮಾತಿನಲ್ಲಿ ಆಡಬೇಕು.

ಗೆಳೆಯನಿಗೆ ಇದನ್ನು ಹೇಳಿದೆ. "ಸರಿ, ಬಾವಿಕಟ್ಟೆಗೆ ಚದರಡಿಗೆ ಎಷ್ಟು ಹಾಕ್ಲಿ?" ಅಂದ.

ಅಜ್ಜಿ ಕಾಗದ ಕೇಳಿದರು. ಕಣ್ಣ ಹತ್ತಿರ ಹಿಡಿದು 2,10,000ದ ಮೇಲೆ ಬೆರಳಿಟ್ಟು, "ಇದು ಏನ್ರ ರೇಟು?" ಅಂದರು. ಮನೆಯದ್ದು ಅಂತ ಮೆಲ್ಲಗೆ ಹೇಳಿದೆವು. ಬೇಜಾರಾಗುತ್ತದೆ ಅಂತ ನಾವಂದುಕೊಂಡರೆ ಅವರು ವ್ಯಾಪಾರಕ್ಕೇ ಇಳಿದರು. "ಬಚ್ಚಲು ಹಂಡೆ ಸೇರಿಸಿಯಾ, ಬಿಟ್ಟಾ?" ಹಂಡೆ ಹೋಗಿ ನೋಡಿದೆವು. ಮಸಿಯ ಅಡಿಯಲ್ಲಿ ಅಪ್ಪಟ ತಾಮ್ರ, ಇಬ್ಬರು ಎತ್ತಲಾರದ ಭಾರ. ಅದಕ್ಕೆ ಸವಕಳಿ ಎಷ್ಟು ಅಂತ ಎಂಜಿನಿಯರಿಗೂ ಗೊತ್ತಿರಲಿಲ್ಲ. "ಬಿಟ್ಟು" ಅಂದ. "ಹಾಗಾದ್ರೆ ಸರಿ" ಅಂದರು ಅಜ್ಜಿ.

ಇದಾಗಿ ಮೂರು ವಾರ. ಹಣ ಹೊಂದಿಸುವುದು ನಮ್ಮಿಂದಾಗುತ್ತದೋ ಇಲ್ಲವೋ, ಹೆಂಡತಿ ಮಾತ್ರ ಪ್ಲಾನು ಬರೆಯುತ್ತಿದ್ದಾಳೆ. ಒಂದರಲ್ಲಿ ಹಳೇ ಮನೆ ಹಾಗೇ ಉಳಿದು, ಹಿಂದೆ ಎರಡು ಕೋಣೆ, ಒಳಗೇ ಬಾತ್‌ರೂಮು. ಬಾವಿ ಉಳಿದಿದೆ. ಇನ್ನೊಂದರಲ್ಲಿ ಎಲ್ಲ ಕೆಡವಿ ಡ್ಯೂಪ್ಲೆಕ್ಸ್, ಆ ಹಾಳೆಯನ್ನು ಅವಳು ನನಗೆ ತೋರಿಸಿಲ್ಲ. ಮಾವ ತೀರ್ಥಹಳ್ಳಿಯಿಂದ ಫೋನು ಮಾಡಿ, ಯಾರು ಕೆಡವಿದರೂ ಆ ಹಲಸಿನ ತೊಲೆ ತನಗೆ ಬೇಕು ಅಂತ ಹೇಳಿಟ್ಟಿದ್ದಾರೆ.

ನಿನ್ನೆ ಬ್ರೋಕರ್ ಫೋನು. ದನಿ ಸೋತಿತ್ತು. "ಸಾರ್, ಅಜ್ಜಿ ರೇಟಿಗೆ ಒಪ್ಪಿದ್ದಾರೆ. ಆದ್ರೆ ಒಂದು ಕಂಡೀಷನ್. ಬರೋ ಸೀಸನ್ನಿನ ಮಾವಿನ ಮಿಡಿ ಅವರಿಗೇ ಬಿಡಬೇಕಂತೆ. ಜೀರಿಗೆ ಪರಿಮಳದ್ದಂತೆ, ಅವರ ಯಜಮಾನರು ಸಾಗರದ ಕಡೆಯಿಂದ ಸಸಿ ತಂದು ಹಾಕಿದ್ದಂತೆ."

"ಅದಕ್ಕೇನು, ಬಿಡೋಣ" ಅಂದೆ.

"ಅಲ್ಲ ಸಾರ್, ಅದರ ಮುಂದಿನ ಸೀಸನ್ನಿಂದೂ ಕೇಳ್ತಿದ್ದಾರೆ. ಪತ್ರದಲ್ಲಿ ಬರೀಬೇಕಂತೆ."