ನಿಂಬೆಹಣ್ಣೋ, ಹಾಲೋ?

ಮನೆ ಕೊಂಡ ಸುದ್ದಿಯನ್ನು ಹಾಸನಕ್ಕೆ ಫೋನ್ ಮಾಡಿ ತಿಳಿಸಿದಾಗ ಅಪ್ಪ ಬೆಲೆ ಕೇಳಲಿಲ್ಲ, ದಿಕ್ಕು ಕೇಳಲಿಲ್ಲ. “ಚಕ್ರದ ಮೇಲೆ ಬಂದ ಮನೆ ಎನ್ನುತ್ತೀಯಲ್ಲ, ಹಾಲು ಉಕ್ಕಿಸುತ್ತೀರೋ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೀರೋ?” ಎಂದರು.

ನಾನು ನಕ್ಕುಬಿಟ್ಟೆ. ಆ ಪ್ರಶ್ನೆಯ ಬೆಲೆ 5,800 ಡಾಲರ್ ಎಂದು ಆಗ ನನಗೆ ತಿಳಿದಿರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಅಡಿಪಾಯ ಹಾಕಿ ಕಟ್ಟಿದ ಮನೆಯ ಬೆಲೆ ಕೇಳಿದರೆ ನಮ್ಮಂಥವರ ಅಡಿಪಾಯವೇ ಅಲ್ಲಾಡುತ್ತದೆ. ಆದ್ದರಿಂದ ಸ್ಯಾಕ್ರಮೆಂಟೊದಿಂದ ಆಚೆ, ಒಂದು ಸಣ್ಣ ಊರಿನಲ್ಲಿ, 80,000 ಡಾಲರಿಗೆ ಹಳೆಯ ಮೊಬೈಲ್ ಹೋಮ್ ಕೊಂಡೆವು. ಕಾರ್ಖಾನೆಯಲ್ಲಿ ಎರಡು ಹೋಳಾಗಿ ಹುಟ್ಟಿ, ಲಾರಿಯ ಹಿಂದೆ ಬಂದು, ಇಲ್ಲಿ ಒಂದಾದ ಮನೆ. ಬಂದ ಮೇಲೆ ಚಕ್ರ ಬಿಚ್ಚಿದ್ದಾರೆ, ಅಚ್ಚು ಮಾತ್ರ ಹೊಟ್ಟೆಯಡಿಯಲ್ಲಿ ಉಳಿದಿದೆ. ಹೆಸರಿಗೆ ಮೊಬೈಲ್, ಅಂದಿನಿಂದ ಒಂದು ಅಂಗುಲ ಕದಲಿಲ್ಲ, ನಮ್ಮ ದೊಡ್ಡಪ್ಪನ ಆರಾಮ ಕುರ್ಚಿಯಂತೆ. ಮನೆ ನಮ್ಮದು, ನೆಲ ಇಂಥ ಮನೆಗಳಿಗೆ ಜಾಗ ಬಾಡಿಗೆಗೆ ಕೊಡುವ ಪಾರ್ಕಿನವರದು. ಕಾರಿಗಿರುವಂತೆ ಇದಕ್ಕೂ ಸೀರಿಯಲ್ ನಂಬರ್ ಉಂಟು, ಡೆಕಾಲ್ ಎಂಬ ಅಂಟಿಸಿದ ನೋಂದಣಿ ಚೀಟಿ ಉಂಟು. ಕೇಂದ್ರದ ಕಾನೂನಿನ ಪ್ರಕಾರ 1976ರ ಜೂನ್ 15ರ ನಂತರ ಹೊಸ ನಿಯಮದಂತೆ ತಯಾರಾದದ್ದು ಮೊಬೈಲ್ ಹೋಮ್ ಅಲ್ಲ, ಮ್ಯಾನುಫ್ಯಾಕ್ಚರ್ಡ್ ಹೋಮ್. ಆದರೆ ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ.

ಬಿಲ್ಲಿನ ಕೊನೆಯಲ್ಲಿ ಮಾರಾಟ ತೆರಿಗೆ ಎಂದು 7.25 ಪ್ರತಿಶತ ಸೇರಿಸಿದ್ದರು. ಮನೆಗೆ ಮಾರಾಟ ತೆರಿಗೆಯೇ ಎಂದು ಕೇಳಿದೆ. “ಸೀರಿಯಲ್ ನಂಬರ್ ಇದೆಯಲ್ಲ” ಎಂದ ಮಾರಾಟಗಾರ. ಬೀಗದ ಕೈ ಅವನ ಬೆರಳಿನಲ್ಲಿ ತಿರುಗುತ್ತಿತ್ತು. ಕೊಟ್ಟುಬಿಟ್ಟೆ.

ರಾತ್ರಿ ನಿದ್ರೆ ಬರಲಿಲ್ಲ. ಎದ್ದು ಕುಳಿತು ರಾಜ್ಯದ ತೆರಿಗೆ ನಿಯಮ ಓದಿದೆ. 1980ರ ಜುಲೈ 1ರಿಂದೀಚೆಗೆ ಹೊಸದಾಗಿ ಮಾರಾಟವಾದ ಇಂಥ ಮನೆಗಳು ಸ್ಥಳೀಯ ಆಸ್ತಿ ತೆರಿಗೆಯ ಲೆಕ್ಕಕ್ಕೆ ಸೇರುತ್ತವೆ. ಅವನ್ನು ಮತ್ತೆ ಮಾರಿದಾಗ ಮಾರಾಟ ತೆರಿಗೆ ಇಲ್ಲ. ಅದಕ್ಕೂ ಹಳೆಯವು, ಬೇರೆ ಏರ್ಪಾಡಾಗದಿದ್ದರೆ, ವಾಹನದಂತೆ ವರ್ಷವರ್ಷ ಲೈಸೆನ್ಸ್ ಶುಲ್ಕ ಕಟ್ಟುತ್ತವೆ. ಅವುಗಳ ಮಾರಾಟಕ್ಕೆ ತೆರಿಗೆ ಉಂಟು. ಹೊಚ್ಚ ಹೊಸ ಮನೆಗೇ ಆದರೂ ತೆರಿಗೆ ಹಾಕುವುದು ಅಂಗಡಿಯವನು ಕೊಂಡ ಬೆಲೆಯ ಮುಕ್ಕಾಲು ಭಾಗದ ಮೇಲೆ ಮಾತ್ರ. ನಮ್ಮ ಮನೆ 1988ರದು. ಬಿಲ್ ತೆಗೆದು ನೋಡಿದೆ: 1978 ಎಂದು ಬರೆದಿತ್ತು! ವೃದ್ಧಾಪ್ಯ ವೇತನಕ್ಕಾಗಿ ಹತ್ತು ವರ್ಷ ವಯಸ್ಸು ಏರಿಸಿಕೊಂಡವರನ್ನು ನಮ್ಮೂರಿನಲ್ಲಿ ಕಂಡಿದ್ದೇನೆ. ಮನೆಯೊಂದಕ್ಕೆ ಯಾರೋ ಹಾಗೆ ಮಾಡಿದ್ದನ್ನು ಕಂಡದ್ದು ಅದೇ ಮೊದಲು.

ಮಾರಾಟಗಾರ ಒಪ್ಪಲಿಲ್ಲ. “ವಯಸ್ಸಿಗೆ ಪುರಾವೆ ತನ್ನಿ” ಎಂದ. ಮನೆಯ ಜಾತಕ ಎಲ್ಲಿಂದ ತರುವುದು? ಸೀರಿಯಲ್ ನಂಬರನ್ನು ಮುಂಭಾಗದ ಉಕ್ಕಿನ ಅಡ್ಡಪಟ್ಟಿಯ ಮೇಲೆ ಕೊರೆದಿರುತ್ತಾರೆ, ಅದನ್ನು ಹಿಡಿದು ಹೋದರೆ ಹುಟ್ಟಿದ ವರ್ಷ ಸಿಗುತ್ತದೆ ಎಂದರು ಪಕ್ಕದ ಮನೆಯ ಅಜ್ಜ. ಹೇಳಿದ್ದು ಸರಿ. ಆ ಅಡ್ಡಪಟ್ಟಿ ಮನೆಯ ಅಡಿಯಲ್ಲಿ, ಉಪನಯನಕ್ಕೆ ಮುಂಚಿನ ಹುಡುಗರು ಮಾತ್ರ ತೂರಬಹುದಾದ ಸಂದಿಯಲ್ಲಿರುತ್ತದೆ ಎಂಬುದನ್ನು ಹೇಳುವುದು ಬಿಟ್ಟಿದ್ದರು.

ಟಾರ್ಚ್ ಕಚ್ಚಿಕೊಂಡು ತೂರಿದೆ. ಅರ್ಧ ಮೈ ಒಳಗೆ ಹೋಯಿತು, ಉಳಿದರ್ಧ ಹೋಗಲಿಲ್ಲ, ಹೋದದ್ದು ಹಿಂದಕ್ಕೆ ಬರಲಿಲ್ಲ. ಜೇಡರ ಬಲೆ ಮೂಗಿನ ಮೇಲೆ ಕುಳಿತಿತು. ಅಡ್ಡಪಟ್ಟಿಯ ತುಂಬ ತುಕ್ಕು. ನಂಬರೂ ಇಲ್ಲ, ಗಿಂಬರೂ ಇಲ್ಲ. ಟಾರ್ಚನ್ನು ಅಚ್ಚಿನ ಕಡೆ ತಿರುಗಿಸಿದಾಗ ಹಳದಿ ಬಣ್ಣದ, ಸುಕ್ಕುಗಟ್ಟಿದ ಉಂಡೆಗಳೆರಡು ಕಂಡವು. ಯಾವುದೋ ಪ್ರಾಣಿಯ ಮೊಟ್ಟೆ ಎಂದು ಕಿರುಚಿಕೊಂಡೆ. ಅಜ್ಜ ಬಂದು ಕಾಲು ಹಿಡಿದು ಎಳೆದರು. ಅಂಗಿ ಒಳಗೇ ಉಳಿಯಿತು.

ಮೊಟ್ಟೆಯ ವಿಷಯ ಕೇಳಿ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದಳು: “ಮೊಟ್ಟೆಯಲ್ಲ, ನಿಂಬೆಹಣ್ಣು. ಗೃಹಪ್ರವೇಶದ ದಿನ ನಾನೇ ಉರುಳಿಸಿದೆ. ಇದು ಮನೆಯೋ ಗಾಡಿಯೋ ಎಂದು ತೆರಿಗೆ ಹಾಕಿದವರಿಗೇ ಗೊತ್ತಿಲ್ಲ, ನನಗೆ ಹೇಗೆ ಗೊತ್ತಾಗಬೇಕು? ಹಾಲನ್ನೂ ಉಕ್ಕಿಸಿದೆ, ಅದನ್ನೂ ಇಟ್ಟೆ.”

ಪುರಾವೆ ಸಿಕ್ಕಿದ್ದೂ ಅವಳಿಗೇ. ಸಾರಿನ ಪುಡಿಯ ಡಬ್ಬಿ ಇಡಲು ಅಡುಗೆಮನೆಯ ಬೀರುವಿನ ಮೂಲೆ ಒರೆಸುತ್ತಿದ್ದಾಗ ಒಳಬಾಗಿಲಿಗೆ ಅಂಟಿಸಿದ ಕಾಗದವೊಂದು ಕಂಡಿತು: ಕಾರ್ಖಾನೆಯ ಹೆಸರು, ಎರಡು ಹೋಳಿನ ಎರಡು ಸೀರಿಯಲ್ ನಂಬರ್, ತಯಾರಾದ ತಿಂಗಳು, 1988. ಇಂಥ ಮನೆಗಳಲ್ಲಿ ಈ ಕಾಗದವನ್ನು ಒಳಗೇ ಎಲ್ಲಾದರೂ ಅಂಟಿಸಿರುತ್ತಾರಂತೆ. ನೆಲದಡಿ ತೂರುವ ಮುಂಚೆ ಇದನ್ನು ಯಾರೂ ಹೇಳಲಿಲ್ಲ.

ಇನ್ನೇನು ಹಣ ಬಂತು ಎಂದುಕೊಂಡೆ. “ಸರ್ಕಾರಕ್ಕೆ ಕಟ್ಟಿಯಾಯಿತು, ಅವರನ್ನೇ ಕೇಳಿ” ಎಂದ ಮಾರಾಟಗಾರ. ತೆರಿಗೆಯ ಕಚೇರಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಪಿಟೀಲು ಕೇಳಿಸಿದ ಮೇಲೆ ಒಬ್ಬಾಕೆ ಬಹಳ ವಿನಯದಿಂದ ವಿವರಿಸಿದಳು: ಇಲ್ಲಿ ಮಾರಾಟ ತೆರಿಗೆಯ ಹೊಣೆ ಮಾರುವವನದು, ಕೊಳ್ಳುವವನದಲ್ಲ, ಮರುಪಾವತಿಗೆ ಅವನೇ ಅರ್ಜಿ ಹಾಕಬೇಕು, ಹೆಚ್ಚಾಗಿ ವಸೂಲು ಮಾಡಿದ್ದನ್ನು ಅವನು ನಿಮಗೆ ಹಿಂತಿರುಗಿಸಬೇಕು. ಎಂದರೆ ಹಣ ಕೊಟ್ಟ ನಾನು ಕಾನೂನಿನ ಕಣ್ಣಿಗೆ ತೆರಿಗೆದಾರನೇ ಅಲ್ಲ! ಇದನ್ನು ಕೇಳಿ ಅಪ್ಪನಿಗೆ ಬಹಳ ಸಮಾಧಾನವಾಯಿತು. ಮೈಸೂರಿನಲ್ಲಿ ನಮ್ಮ ಭಾವ ಪೂರ್ತಿ ಮುಗಿದು ಪೂರ್ಣತಾ ಪ್ರಮಾಣಪತ್ರವೂ ಸಿಕ್ಕಿದ್ದ ಫ್ಲಾಟ್ ಕೊಂಡಾಗ, ಇಲ್ಲದ ಜಿಎಸ್‌ಟಿಯನ್ನು 5 ಪ್ರತಿಶತ ವಸೂಲು ಮಾಡಿದ ಬಿಲ್ಡರ್ ಹೇಳಿದ್ದೂ ಇದನ್ನೇ: ಕಟ್ಟಿಯಾಯಿತು, ಅವರನ್ನೇ ಕೇಳಿ. “ಸಮುದ್ರ ದಾಟಿದರೂ ಗುಮಾಸ್ತ ಗುಮಾಸ್ತನೇ” ಎಂದರು ಅಪ್ಪ. ಸ್ವತಃ ಮೂವತ್ತೈದು ವರ್ಷ ಗುಮಾಸ್ತರಾಗಿದ್ದವರು.

ಬೀರುವಿನ ಕಾಗದದ ಫೋಟೊ, ನಿಯಮದ ಪ್ರತಿ, ನನ್ನ ಹನ್ನೊಂದು ಪತ್ರ. ನಾಲ್ಕು ತಿಂಗಳ ನಂತರ 5,800 ಡಾಲರಿನ ಚೆಕ್ ಬಂತು. ಪಾಯಸ ಮಾಡಿದೆವು.

ಪಾಯಸದ ಪಾತ್ರೆ ತೊಳೆಯುವ ಮೊದಲೇ ಇನ್ನೊಂದು ಲಕೋಟೆ ಬಂತು. ಕೌಂಟಿಯಿಂದ, ಎಂದರೆ ಇಲ್ಲಿನ ಜಿಲ್ಲಾಡಳಿತದಿಂದ, ಆಸ್ತಿ ತೆರಿಗೆ. 1978ರಲ್ಲಿ ಕ್ಯಾಲಿಫೋರ್ನಿಯಾದ ಜನ ತಾವೇ ಮತ ಹಾಕಿ ಅದರ ಮೂಲ ದರವನ್ನು 1 ಪ್ರತಿಶತಕ್ಕೆ ಕಟ್ಟಿಹಾಕಿದ್ದಾರೆ. ಒದ್ದೋಡಿಸಿದ್ದ ಆ 1978 ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತ್ತು. ಒಂದು ಸಲ ಕಟ್ಟಿ ಮುಗಿಸುವ ತೆರಿಗೆಯಲ್ಲ ಇದು, ವರ್ಷವರ್ಷವೂ ಬರುವಂಥದ್ದು.

ಅಪ್ಪನಿಗೆ ಹೇಳಿದೆ. “ಇದು ಮನೆ, ಮನೆ ಎಂದು ಹನ್ನೊಂದು ಪತ್ರ ಬರೆದವನು ನೀನೇ ತಾನೆ?” ಎಂದರು.

ಹೆಂಡತಿ ಏನೂ ಹೇಳಲಿಲ್ಲ. ಆಯುಧಪೂಜೆ ಹತ್ತಿರವಿತ್ತು. ಅಂಗಡಿಯಿಂದ ಬರುವಾಗ ಎರಡು ನಿಂಬೆಹಣ್ಣು ಹೆಚ್ಚಿಗೆ ತಂದಿದ್ದಳು.